ಮಲಗಿದ ಮುಳ್ಳನ್ನು ನಂಬದ ಓನರಮ್ಮ

ಓನರಮ್ಮನಿಗೆ ಸಿಟ್ಟು ಬಂದರೆ ಮೊದಲು ಕೆಂಪಾಗುತ್ತಿದ್ದುದು ಎಡಗಿವಿ. ವರ್ಷಗಟ್ಟಲೆ ಹೆಡ್‌ಫೋನ್ ಒತ್ತಿ ಆ ಕಿವಿಯ ಮೇಲಂಚು ಒಳಕ್ಕೆ ಮಡಚಿಕೊಂಡೇ ನಿಂತುಬಿಟ್ಟಿತ್ತು. ಓಲೆ ಬಲಗಿವಿಗೆ ಮಾತ್ರ. ಎಡಗಿವಿಯದು ಹೆಡ್‌ಫೋನಿಗೆ ಅಡ್ಡ ಬರುತ್ತದೆಂದು ಕಳಚಿ ಎಲ್ಲೋ ಇಟ್ಟವರು ಆಮೇಲೆ ಹುಡುಕುವ ಗೋಜಿಗೂ ಹೋಗಿರಲಿಲ್ಲ. ಕುಣಿಗಲ್ಲಿನ ನಮ್ಮ ಬೀದಿಯಲ್ಲಿ ಅವರಿಗೆ ಒಂಟಿ ಓಲೆಯಮ್ಮ ಅಂತಲೇ ಹೆಸರು. ಆ ಕಿವಿ ಕೆಂಪಾಯಿತೆಂದರೆ ಹಾಲಿನವನು ಕೂಡ ಗೇಟಿನ ಹೊರಗೇ ಪ್ಯಾಕೆಟ್ ಇಟ್ಟು ಜಾಗ ಖಾಲಿ ಮಾಡುತ್ತಿದ್ದ.

ಅವರು ತೀರಿಕೊಂಡ ಮೇಲೆ ಎಲ್ಲರೂ ಆ ಸಿಟ್ಟಿನ ಬಗ್ಗೆಯೇ ಮಾತಾಡಿದರು. ‘ಕೋಪ ಜಾಸ್ತಿ, ಆದರೆ ಒಳ್ಳೆಯವರು’ ಎಂದರು. ಆ ‘ಆದರೆ’ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅವರ ಸಿಟ್ಟು ಬಿಪಿ, ಶುಗರಿನ ಹಾಗೆ ವಯಸ್ಸಿಗೆ ಬಂದ ಕಾಯಿಲೆಯಲ್ಲ. ಅದಕ್ಕೊಂದು ಕಾರಣವಿತ್ತು, ಆ ಕಾರಣ ತುಮಕೂರಿನ ಒಂದು ಕಟ್ಟಡದ ಮಾಳಿಗೆಯಿಂದ ನೇತಾಡುತ್ತಿತ್ತು. ಅದನ್ನು ಹೇಳದೆ ಬರೀ ಸಿಟ್ಟನ್ನು ಹೇಳುವುದು ಅನ್ಯಾಯ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಕುಣಿಗಲ್ಲಿಗೆ ವರ್ಗವಾದಾಗ ಅವರ ಕೆಳಮನೆಯನ್ನು ಬಾಡಿಗೆಗೆ ಹಿಡಿದೆ. ಮೇಲೆ ಓನರಮ್ಮ ಮತ್ತು ಅವರ ಯಜಮಾನರು. ಓನರಮ್ಮ ಟೆಲಿಫೋನ್ ಇಲಾಖೆಯಲ್ಲಿ ಎಂಜಿನಿಯರಾಗಿ ರಿಟೈರಾದವರು. ಯಜಮಾನರಿಗೆ ಕಿವಿ ಮಂದ. ಪಾಪ, ಅವರು ಗುಟ್ಟು ಹೇಳಿದರೂ ಬೀದಿಯ ತುದಿಗೆ ಕೇಳುತ್ತಿತ್ತು. ಗೋಡೆಗೆ ಮೊಳೆ ಹೊಡೆಯಬಾರದು, ರಾತ್ರಿ ಮಿಕ್ಸಿ ಹಾಕಬಾರದು ಮುಂತಾದ ಎಲ್ಲ ಓನರುಗಳ ಕಾನೂನಿನ ಜೊತೆ ಇನ್ನೊಂದಿತ್ತು: ಮಾಳಿಗೆ ಮೇಲಿನ ತಂತಿ ಮುಟ್ಟಬಾರದು. ಯಾವ ತಂತಿ ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಬಂದ ವಾರವೇ ಒದ್ದೆ ಸೀರೆಯನ್ನು ಮಾಳಿಗೆ ಮೇಲೆ ಒಂದು ತಂತಿಗೆ ಹರವಿದೆ. ಕೆಳಗಿಳಿದು ಬರುವಷ್ಟರಲ್ಲಿ ಓನರಮ್ಮ ಮೆಟ್ಟಿಲ ಮೇಲೆ ನಿಂತಿದ್ದರು. ಕಿವಿ ಕೆಂಪಗಿತ್ತು.

“ಯಾವಳೇ ಅದು, ನನ್ನ ಆಂಟೆನಾಗೆ ಸೀರೆ ಉಡ್ಸಿದ್ದು?”

“ನೀವು ಮೇಲಕ್ಕೆ ಬರಲೇ ಇಲ್ಲವಲ್ಲ, ಹೇಗೆ ಗೊತ್ತಾಯ್ತು?” ಎಂದೆ.

“ನನ್ನ ಮೀಟರು ಹೇಳ್ತು. ಮಲ್ಗಿದ್ದ ಮುಳ್ಳು ಎದ್ದು ಕೂತದೆ. ನಾನು ಮಾತಾಡ್ತಿರೋವಾಗ ಆ ತಂತಿ ಮುಟ್ಟಿದ್ರೆ ಕೈ ಸುಟ್ಟೋಗ್ತಿತ್ತು, ಗೊತ್ತೇನೇ? ಟೀಚರಂತೆ ಟೀಚರು!”

ಬೈಗುಳ ಮುಗಿದ ಮೇಲೆ ಕೋಣೆಗೆ ಕರೆದೊಯ್ದು ಕಾಫಿ ಕೊಟ್ಟರು. ಕೋಣೆಯಲ್ಲಿ ರೇಡಿಯೋ ಸೆಟ್ಟು, ಪಕ್ಕದಲ್ಲಿ ಒಂದೇ ಮುಳ್ಳಿನ ಮೀಟರು. ಹ್ಯಾಮ್ ರೇಡಿಯೋ ಎಂಬ ಹವ್ಯಾಸವನ್ನು ನಾನು ಕಂಡದ್ದು ಅಲ್ಲೇ. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ಪಡೆದು, ಕಾಲ್‌ಸೈನ್ ಎಂಬ ಅಕ್ಷರ ಅಂಕಿಗಳ ಹೆಸರಿನಿಂದ ಒಬ್ಬರನ್ನೊಬ್ಬರು ಕರೆದು ಮಾತಾಡುವ ಜನ. ಟವರು ಬೇಡ, ಇಂಟರ್‌ನೆಟ್ ಬೇಡ. ಒಂದು ಸೆಟ್ಟು, ಒಂದು ಕೇಬಲ್ಲು, ಒಂದು ತಂತಿ. ಮೈಕು ಹಿಡಿದರೆ ಓನರಮ್ಮನ ದನಿ ಜೇನು. ಮೈಕು ಇಟ್ಟರೆ ಮತ್ತೆ ಗುಂಟೂರು ಮೆಣಸಿನಕಾಯಿ.

ಮುಂದಿನ ವರ್ಷ ನಾನೂ ಪರೀಕ್ಷೆ ಪಾಸಾದೆ. ಓದಿಸಿದ್ದು ಓನರಮ್ಮ, ಬೈದು ಬೈದು. ಆದರೆ ನಿಜವಾಗಿ ಕಲಿಸಿದ್ದು ಮಾಳಿಗೆ ಮೇಲೆ, ತಂತಿ ಕತ್ತರಿಸುವಾಗ. ಇಂಪೀಡೆನ್ಸ್ ಅನ್ನುವ ಪದ ನನಗೆ ಪುಸ್ತಕದಿಂದ ಗೊತ್ತಿತ್ತು. ಅದು ಕೈಗೆ ಸಿಕ್ಕಿದ್ದು ಅಲ್ಲಿ. ಸೆಟ್ಟು ಮತ್ತು ಕೇಬಲ್ಲು ಒಂದು ಅಳತೆಗೆ ಹೊಂದಿಕೊಂಡು ತಯಾರಾಗಿರುತ್ತವೆ. ಕೇಬಲ್ಲಿನ ಆಚೆ ತುದಿಯ ಆಂಟೆನಾ ತಂತಿಯೂ ಆ ಅಳತೆಗೆ ಒಗ್ಗಬೇಕು. ಒಗ್ಗಿದರೆ ಕಳಿಸಿದ ಶಕ್ತಿಯೆಲ್ಲ ಗಾಳಿಗೆ ಹೋಗುತ್ತದೆ. ಒಗ್ಗದಿದ್ದರೆ ಒಂದಿಷ್ಟು ಕೇಬಲ್ಲಿನಲ್ಲೇ ಹಿಂದಕ್ಕೆ ಬರುತ್ತದೆ. “ತೂಬು ದೊಡ್ಡದಿದ್ದು ಕಾಲ್ವೆ ಸಣ್ಣದಾದ್ರೆ ನೀರು ಹಿಂದಕ್ಕೆ ಒತ್ತಲ್ವಾ, ಹಂಗೆ” ಎಂದು ಕೆರೆಯ ಕಡೆ ಕೈ ತೋರಿಸಿದರು. ಹಾಗೆ ವಾಪಸ್ ಬಂದದ್ದನ್ನು ತೋರಿಸುವುದೇ ಮೀಟರಿನ ಮುಳ್ಳು. ವಾಪಸ್ಸು ಹೆಚ್ಚಿದರೆ ಮುಳ್ಳು ಏಳುತ್ತದೆ, ಇಲ್ಲದಿದ್ದರೆ ಎಡಕ್ಕೆ ಮಲಗಿರುತ್ತದೆ.

ತಂತಿಯನ್ನು ಯಾವಾಗಲೂ ಲೆಕ್ಕಕ್ಕಿಂತ ಉದ್ದ ಕಟ್ಟುವುದು, ಆಮೇಲೆ ಎರಡೂ ತುದಿಯಲ್ಲಿ ಬೆರಳಗಲ ಕತ್ತರಿಸುವುದು, ಕೆಳಗೆ ಹೋಗಿ ಮುಳ್ಳು ನೋಡುವುದು, ಮತ್ತೆ ಹತ್ತುವುದು. ಮಧ್ಯಾಹ್ನವೆಲ್ಲ ಇದೇ. ನಾನು ಒಂದು ಸಲ ಬೇಸತ್ತು ಗೇಣುದ್ದ ಕತ್ತರಿಸಲು ಹೋದೆ. “ಕೂದ್ಲಲ್ಲ ಕಣೇ ಅದು, ಮತ್ತೆ ಬೆಳ್ಯಕ್ಕೆ” ಎಂದು ಕೈಯಿಂದ ಇಕ್ಕಳ ಕಿತ್ತುಕೊಂಡರು. ಆ ಇಕ್ಕಳದ ಹಿಡಿಗೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿತ್ತು. ಕೇಬಲ್ಲಿನ ಪ್ರತಿ ಜಾಯಿಂಟಿಗೂ ಅದೇ ರಬ್ಬರು, ಅದರ ಮೇಲೆ ಮೇಣ. ಮಳೆನೀರು ಕೇಬಲ್ಲಿನೊಳಕ್ಕೆ ಇಳಿಯುವುದೆಂದರೆ ಓನರಮ್ಮನಿಗೆ ಮನೆಗೆ ಹಾವು ಹೊಕ್ಕಷ್ಟೇ ಭಯ. ಕೇಬಲ್ಲಿನ ತುದಿ ಸುಲಿದು ಒಳಗಿನ ತಾಮ್ರ ನೋಡುತ್ತಿದ್ದರು. ಹೊಳೆಯುತ್ತಿದ್ದರೆ ಸರಿ. ಕಪ್ಪಾಗಿದ್ದರೆ, “ನೀರು ಕುಡ್ದದೆ, ಎಸಿ.”

ಇಷ್ಟು ಕಲಿಯುವಷ್ಟರಲ್ಲಿ ನಾವು ಒಂದಿಷ್ಟು ಹವ್ಯಾಸಿಗಳು ಸೇರಿ ಗುಂಪೊಂದನ್ನು ಕಟ್ಟಿಕೊಂಡಿದ್ದೆವು. ಮಳೆ ಪ್ರವಾಹದಲ್ಲಿ ಫೋನು ಸತ್ತಾಗ ಹಳ್ಳಿಗಳಿಗೆ ನೆರವಾಗುವುದು ಉದ್ದೇಶ. ಅಧ್ಯಕ್ಷರಾದವರಿಗೆ ತುಮಕೂರಿನ ಶಿರಾ ಗೇಟ್ ಹತ್ತಿರ ಸ್ವಂತ ಕಟ್ಟಡವಿತ್ತು. ಅದರ ಮೇಲಂತಸ್ತಿನ ಹಾಲಿನಲ್ಲೇ ಗುಂಪಿನ ಕೇಂದ್ರ. ಸೆಟ್ಟು ಹೊಸದು, ತಂತಿ ಹೊಸದು. ಕೇಬಲ್ಲು ಮಾತ್ರ ಅಧ್ಯಕ್ಷರ ದಾನ. ಅವರ ಹಳೇ ಗೋಡೌನಿನ ಮೇಲೆ ಬಿಸಿಲು ಮಳೆಗೆ ಬಿದ್ದಿದ್ದ ಸುರುಳಿ ಅದು. ಅದಕ್ಕಾಗಿ ಬಾಗಿಲ ಪಕ್ಕ ಗ್ರಾನೈಟಿನ ಕಲ್ಲು ಬೇರೆ: ‘ನಮ್ಮ ಪೂಜ್ಯ ತಂದೆಯವರ ಜ್ಞಾಪಕಾರ್ಥ.’ ಕೇಬಲ್ಲಿಗೆ ಜ್ಞಾಪಕಾರ್ಥದ ಕಲ್ಲು ಹಾಕಿಸಿದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಉದ್ಘಾಟನೆಯ ದಿನ ಅಧ್ಯಕ್ಷರು ಮೈಕಿನ ಬಟನ್ ಒತ್ತಿದರು. ಮುಳ್ಳು ಅಲ್ಲಾಡಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಓನರಮ್ಮನ ಎಡಗಿವಿ ಕೆಂಪಾಗುವುದನ್ನು ನಾನು ಪಕ್ಕದಿಂದ ನೋಡಿದೆ.

“ತಂತಿ ಒಂದು ಬೆರಳೂ ಕತ್ರಿಸಿಲ್ಲ, ಪಕ್ಕದಲ್ಲೇ ಕಬ್ಬಿಣದ ನೀರಿನ ಟ್ಯಾಂಕ್ ಐತೆ. ಮೊದಲನೇ ಸಲಕ್ಕೇ ಇಷ್ಟು ಚೆನ್ನಾಗಿ ಹೆಂಗ್ರೀ ಬರುತ್ತೆ?” ಎಂದು ಕೇಳಿದರು.

“ಚೆನ್ನಾಗಿ ಬಂದ್ರೂ ತಕರಾರಾ ಅಮ್ಮಾ?” ಎಂದು ಅಧ್ಯಕ್ಷರು ನಕ್ಕರು.

ಬಸ್ಸಿನಲ್ಲಿ ವಾಪಸ್ ಬರುವಾಗ ಓನರಮ್ಮ ನನಗೆ ಬಿಡಿಸಿ ಹೇಳಿದರು. ಕೇಬಲ್ಲು ನೀರು ಕುಡಿದಿದ್ದರೆ, ಸೆಟ್ಟು ಕಳಿಸಿದ ಶಕ್ತಿಯನ್ನು ಅದೇ ನುಂಗುತ್ತದೆ. ಅಳಿದುಳಿದದ್ದು ತಂತಿಗೆ ಬಡಿದು ಹಿಂದಿರುಗಿದರೆ ಅದನ್ನೂ ದಾರಿಯಲ್ಲೇ ನುಂಗುತ್ತದೆ. ಕೆಳಗಿನ ಮೀಟರಿಗೆ ಏನೂ ವಾಪಸ್ ಬರುವುದಿಲ್ಲ, ಮುಳ್ಳು ಹಾಯಾಗಿ ಮಲಗಿರುತ್ತದೆ. “ಕಾಗ್ದ ವಾಪಸ್ ಬರ್ಲಿಲ್ಲ ಅಂದ್ರೆ ತಲುಪ್ತು ಅಂತಲ್ಲ ಕಣೇ. ಪೋಸ್ಟ್‌ಮ್ಯಾನು ಚರಂಡಿಗೆ ಹಾಕಿದ್ರೂ ವಾಪಸ್ ಬರಲ್ಲ.” ಇದನ್ನು ಪತ್ತೆ ಹಚ್ಚುವ ದಾರಿಯೂ ಸುಲಭವಾಗಿತ್ತು. ಮಾಳಿಗೆ ಹತ್ತಿ ಕೇಬಲ್ಲನ್ನು ಆಂಟೆನಾದಿಂದ ಬಿಚ್ಚಿಬಿಡುವುದು. ಕೇಬಲ್ಲು ಸರಿಯಿದ್ದರೆ, ಆಂಟೆನಾ ಇಲ್ಲದಾಗ ಎಲ್ಲ ಶಕ್ತಿಯೂ ವಾಪಸ್ ಬಂದು ಮುಳ್ಳು ಆ ತುದಿಗೆ ಹಾರಬೇಕು. ಆಂಟೆನಾ ಬಿಚ್ಚಿದರೂ ಮುಳ್ಳು ಮಲಗೇ ಇದ್ದರೆ ಕೇಬಲ್ಲು ಸತ್ತಿದೆ ಎಂದೇ ಅರ್ಥ. ಐದು ನಿಮಿಷದ ಕೆಲಸ. ಅದಕ್ಕೆ ಬೇಕಿದ್ದದ್ದು ಮಾಳಿಗೆಯ ಬೀಗದ ಕೈ. ಅದು ಇದ್ದದ್ದು ಅಧ್ಯಕ್ಷರ ಜೇಬಿನಲ್ಲಿ.

ಕೊಡಲಿಲ್ಲ. ವಯಸ್ಸಾಗಿದೆ, ಬಿದ್ದರೆ ನಮ್ಮ ತಲೆಗೆ ಬರುತ್ತದೆ ಎಂದರು. ನಾನು ಹತ್ತುತ್ತೇನೆ ಎಂದರೆ ಹೆಣ್ಣುಮಕ್ಕಳಿಗೆ ಯಾಕೆ ಆ ಕೆಲಸ ಎಂದರು. ಗಂಡಸರನ್ನು ಹತ್ತಿಸಿ ಎಂದರೆ ಮುಂದಿನ ತಿಂಗಳು ನೋಡೋಣ ಎಂದರು.

ಅಷ್ಟರಲ್ಲಿ ನನಗೆ ಗುಬ್ಬಿ ತಾಲ್ಲೂಕಿನ ಚೇಳೂರು ಕಡೆಯ ಶಾಲೆಗೆ ವರ್ಗವಾಯಿತು. ಮನೆ ಖಾಲಿ ಮಾಡುವಾಗ ಓನರಮ್ಮ ಒಂದು ಹಳೆಯ ಸೆಟ್ಟು, ಬ್ಯಾಟರಿ, ತಾವೇ ಕತ್ತರಿಸಿ ಹದ ಮಾಡಿದ ತಂತಿ ಕಟ್ಟಿಕೊಟ್ಟರು. “ಶೋಕಿಗಲ್ಲ, ಮಳೇಗೆ” ಎಂದರು.

ಆ ಮಳೆ ಬಂದೇ ಬಂತು. ಮೂರು ದಿನ ಬಿಡದೆ ಸುರಿದು ಗುಬ್ಬಿ ದಾರಿಯ ತಗ್ಗು ಸೇತುವೆಯ ಮೇಲೆ ನೀರು ಹರಿಯಿತು. ಕರೆಂಟು ಹೋಯಿತು, ಹಿಂದೆಯೇ ಫೋನಿನ ಸಿಗ್ನಲ್ಲೂ ಹೋಯಿತು. ಮಧ್ಯಾಹ್ನ ಶಾಲೆಯ ಅಡುಗೆಯಮ್ಮ ಒಲೆಗೆಂದು ತೆಂಗಿನ ಗರಿಯ ರಾಶಿಗೆ ಕೈ ಹಾಕಿದಾಗ ಹಾವು ಕಡಿಯಿತು. ಮುಂಗೈ ನೋಡನೋಡುತ್ತ ಊದಿತು. ಹೆಡ್ ಮಾಸ್ಟರು ಕೈಕಾಲು ಬಿಟ್ಟರು. ನಾನು ಸೆಟ್ಟು ತೆಗೆದು, ಶಾಲೆಯ ಸಜ್ಜಾದಿಂದ ಎದುರಿನ ತೆಂಗಿನ ಮರಕ್ಕೆ ತಂತಿ ಕಟ್ಟಿ ತುಮಕೂರಿನ ಕೇಂದ್ರವನ್ನು ಕರೆದೆ. ಕರೆದೆ, ಕರೆದೆ. ಉತ್ತರವಿಲ್ಲ. ಅಡುಗೆಯಮ್ಮ ಗೋಡೆಗೊರಗಿ, “ಟೀಚರೇ, ಕಣ್ಣು ಮಂಜಾಯ್ತದೆ ಕಣವ್ವಾ” ಎನ್ನುತ್ತಿದ್ದರು. ಆ ಮೌನವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ, ಕ್ಷಮಿಸುವುದೂ ಇಲ್ಲ.

ಆಗ ಕುಣಿಗಲ್ಲಿನಿಂದ ಜೇನಿನ ದನಿ ಬಂತು. ನನ್ನ ಕಾಲ್‌ಸೈನ್ ಹೇಳಿ, “ಹೇಳಮ್ಮ, ಕೇಳಿಸ್ತಾ ಇದೆ, ನಿಧಾನಕ್ಕೆ ಹೇಳು” ಎಂದರು ಓನರಮ್ಮ. ಹೇಳಿದೆ. “ಬಿಗಿಯಾಗಿ ಕಟ್ಬೇಡಿ, ಕುಯ್ಬೇಡಿ, ಕೈ ಅಲ್ಲಾಡಿಸ್ಬೇಡಿ. ಐದು ನಿಮಿಷ ಕಾಯಿ” ಎಂದು ತಮ್ಮ ಫೋನಿನಿಂದ ಗುಬ್ಬಿ ಆಸ್ಪತ್ರೆಗೆ ಮಾತಾಡಿ ಮತ್ತೆ ಬಂದರು. ಆಂಬ್ಯುಲೆನ್ಸು ಸೇತುವೆ ದಾಟಲಾರದು, ಹಿಂದಿನ ತೋಟದ ಮಣ್ಣುರಸ್ತೆಯಲ್ಲಿ ಟ್ರ್ಯಾಕ್ಟರು ಹಿಡಿದು ಟಾರು ರಸ್ತೆಗೆ ಬನ್ನಿ, ಅಲ್ಲಿ ನಿಂತಿರುತ್ತದೆ. ಹಾಗೇ ಮಾಡಿದೆವು. ಆಂಬ್ಯುಲೆನ್ಸು ನಿಂತಿತ್ತು. ಅಡುಗೆಯಮ್ಮ ಬದುಕಿದರು.

ಮುಂದಿನ ಸಭೆಯಲ್ಲಿ ನನಗೆ ತಿಳಿದದ್ದು ಇದು: ಕೇಂದ್ರದವರಿಗೆ ನನ್ನ ಕೂಗು ಸಣ್ಣಗೆ ಕೇಳಿಸಿತ್ತು. ಉತ್ತರವನ್ನೂ ಕೊಟ್ಟಿದ್ದರು. ಮುಳ್ಳು ಮಲಗಿತ್ತು, ಆದ್ದರಿಂದ ಉತ್ತರ ಹೋಗಿದೆ ಎಂದು ನಂಬಿದ್ದರು. ನಾನು ಮತ್ತೆ ಮತ್ತೆ ಕರೆದಾಗ ಚೇಳೂರಿನ ಸೆಟ್ಟು ಕೆಟ್ಟಿದೆ ಎಂದು ತೀರ್ಮಾನಿಸಿ ಟೀ ತರಿಸಿಕೊಂಡಿದ್ದರು. ಇಷ್ಟಾದ ಮೇಲೆ, ಜೀವ ಉಳಿಸಿದ್ದಕ್ಕೆ ಆ ದಿನ ಶಾಲು ಹೊದಿಸಿದ್ದು ಅಧ್ಯಕ್ಷರಿಗೆ.

ಓನರಮ್ಮ ಎದ್ದು ನಿಂತರು. “ಅವಳ ಸೆಟ್ಟು ಕೆಟ್ಟಿತ್ತು ಅಂದ್ರೆ ನನ್ನ ಮಾತು ಹೆಂಗೆ ಕೇಳಿಸ್ತು? ನಂದು ಕೇಳಿಸಿದ ಕಿವಿಗೆ ನಿಮ್ದು ಯಾಕೆ ಕೇಳಿಸ್ಲಿಲ್ಲ?”

ಅಧ್ಯಕ್ಷರು ಶಾಲು ಸರಿ ಮಾಡಿಕೊಂಡರು. “ನಿಮ್ಮ ಗಂಟ್ಲು ದೊಡ್ಡದಲ್ವಾ ಅಮ್ಮಾ, ಕೇಳಿಸೇ ಕೇಳಿಸುತ್ತೆ.”

ಹಾಲಿನಲ್ಲಿದ್ದವರೆಲ್ಲ ನಕ್ಕರು. ಎಲ್ಲರೂ ಪರೀಕ್ಷೆ ಪಾಸಾದವರು, ಕೇಬಲ್ಲು ಎಂದರೇನು ಎಂದು ಬಲ್ಲವರು. ಆದರೂ ನಕ್ಕರು.

“ಕೇಬಲ್ ತೆಗೆದು ಒಂದು ಸಲ ಅಳೀರಿ. ನಾನು ಹೇಳಿದ್ದು ಸುಳ್ಳಾದ್ರೆ ಈ ಕಡೆ ತಲೆ ಹಾಕಲ್ಲ” ಎಂದರು ಓನರಮ್ಮ.

“ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ಲಿಗೆ ಹೋಗಿ ಮೊಳ ಹಾಕಿದ್ರಂತೆ” ಎಂದು ಅಧ್ಯಕ್ಷರು ಬೇರೆಯವರ ಕಡೆ ತಿರುಗಿ ಹೇಳಿದರು. ಮತ್ತೆ ನಗು.

“ಮೊಳ ಹಾಕೋದೇ ಕಣ್ರೀ ನಮ್ಮ ಕೆಲ್ಸ!” ಎಂದು ಓನರಮ್ಮ ಮೇಜು ಗುದ್ದಿದರು. “ಮೊಳ ಹಾಕ್ದೇ ಇರೋರು ಭಜನೆ ಮಂಡ್ಳಿ ಸೇರ್ಕೊಳ್ಳಿ, ರೇಡಿಯೋ ಯಾಕೆ?”

ಆಮೇಲೆ ಪ್ರತಿ ಸಭೆಗೂ ಅವರು ಕುಣಿಗಲ್ಲಿನಿಂದ ಬಸ್ಸು ಹಿಡಿದು ಬಂದು ಒಂದೇ ಮಾತು ಕೇಳಿದರು: ಬೀಗದ ಕೈ. ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ ಉಳಿದವರು ಕೂತಿದ್ದರು. ಓನರಮ್ಮ ಮೆಟ್ಟಿಲು ಹತ್ತುವುದು ಕಂಡರೆ ಕೆಲವರು ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋಗುತ್ತಿದ್ದರು. ‘ಕೋಪಿಷ್ಠೆ’ ಎಂಬ ಹೆಸರು ಬಿದ್ದದ್ದು ಹೀಗೆ. ಐದು ನಿಮಿಷದ ಕೆಲಸವನ್ನು ಮಾಡದೆ, ಮಾಡಿ ಎಂದವರಿಗೆ ಹೆಸರಿಡುವುದು ನಮ್ಮಲ್ಲಿ ಬಹಳ ಸಲೀಸು.

ಮರುವರ್ಷದ ಚಳಿಗಾಲದಲ್ಲಿ ಓನರಮ್ಮನಿಗೆ ಜ್ವರ ಬಂದು ಶ್ವಾಸಕೋಶಕ್ಕೆ ಇಳಿಯಿತು. ತುಮಕೂರಿನ ಆಸ್ಪತ್ರೆಗೆ ನೋಡಲು ಹೋದೆ. ಎಡಗಿವಿ ಬೆಳ್ಳಗಿತ್ತು. ಅದನ್ನು ನಾನು ಹಾಗೆ ಕಂಡದ್ದೇ ಇಲ್ಲ. ನನ್ನ ಮಣಿಕಟ್ಟು ಹಿಡಿದು, “ಮಳೆಗಾಲಕ್ಕೆ ಮುಂಚೆ ಆ ಕೇಬಲ್ ಇಳ್ಸೇ” ಎಂದರು. “ನೀವೇ ಬಂದು ಇಳಿಸಿ” ಎಂದೆ. “ಬಾಗ್ಲು ತೆಗ್ಯಲ್ವಲ್ಲೇ ಅವ್ರು” ಎಂದರು. ಆ ವಾರವೇ ಹೋಗಿಬಿಟ್ಟರು.

ಸಂತಾಪ ಸಭೆ ಶಿರಾ ಗೇಟಿನ ಅದೇ ಹಾಲಿನಲ್ಲಿ. ಅವರ ಫೋಟೋಗೆ ಹಾರ ಹಾಕಿ ಅದೇ ಮೀಟರಿನ ಪಕ್ಕ ಇಟ್ಟಿದ್ದರು. ಫೋಟೋದಲ್ಲಿ ಎರಡೂ ಕಿವಿಗೆ ಓಲೆಯಿತ್ತು. ಯಾವ ಕಾಲದ್ದೋ ಏನೋ. ಅಧ್ಯಕ್ಷರು ಗದ್ಗದಿತರಾಗಿ, “ಅಮ್ಮನವರಿಗೆ ಸ್ವಲ್ಪ ಕೋಪ, ಆದರೆ ಹೃದಯ ಬಂಗಾರ” ಎಂದರು. ಹ್ಯಾಮ್‌ಗಳಲ್ಲಿ ಒಂದು ಪದ್ಧತಿಯಿದೆ. ತೀರಿಕೊಂಡವರ ಕಾಲ್‌ಸೈನನ್ನು ರೇಡಿಯೋದಲ್ಲಿ ಕೊನೆಯ ಸಲ ಮೂರು ಬಾರಿ ಕರೆದು, ಪ್ರತಿ ಸಲವೂ ಉತ್ತರಕ್ಕೆ ಕಾಯುತ್ತಾರೆ. ಉತ್ತರ ಬರುವುದಿಲ್ಲ. ಅಲ್ಲಿಗೆ ಆ ಹೆಸರು ಮುಗಿಯಿತು ಎಂದು. ಆ ಕೊನೆಯ ಕರೆಯನ್ನು ಅಧ್ಯಕ್ಷರೇ ಮಾಡುವುದು ಎಂದಾಯಿತು. ಆ ಕೇಬಲ್ಲಿನಲ್ಲಿ! ಓನರಮ್ಮನ ಹೆಸರನ್ನು ಆ ಚರಂಡಿಗೆ ಹಾಕುವುದು ಎಂದಾಯಿತು.

ನನ್ನ ಸಿಟ್ಟು ನೆತ್ತಿಗೇರಿತು. ಹೊರಗೆ ಬಂದು ನೋಡಿದರೆ ಮಾಳಿಗೆಯ ಬಾಗಿಲು ತೆರೆದಿದೆ. ಸಭೆಯ ನಂತರದ ತಿಂಡಿ ಮೇಲೆ ಬಡಿಸುವುದಿತ್ತು. ಓನರಮ್ಮ ಎರಡು ಮಳೆಗಾಲ ಬೇಡಿದರೂ ತೆರೆಯದ ಬೀಗ, ಉಪ್ಪಿಟ್ಟು ಕೇಸರಿಬಾತಿಗೆ ತೆರೆದಿತ್ತು.

ಒಳಗೆ ಹೋಗಿ ಯಜಮಾನರನ್ನು ಎಬ್ಬಿಸಿ ಮೀಟರಿನ ಎದುರು ಕುರ್ಚಿ ಹಾಕಿ ಕೂರಿಸಿದೆ. ಮುಳ್ಳನ್ನೇ ನೋಡುತ್ತಿರಿ ಎಂದು ಸನ್ನೆ ಮಾಡಿದೆ. ಅವರು ಜೇಬಿನಿಂದ ಸೈಕಲ್ ಟ್ಯೂಬು ಸುತ್ತಿದ ಇಕ್ಕಳ ತೆಗೆದು ನನ್ನ ಕೈಗಿಟ್ಟರು. ಅದನ್ನು ಅವರು ಸಭೆಗೆ ಯಾಕೆ ತಂದಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮೇಲೆ ಅಡುಗೆಯವರು ಬಾಳೆಲೆ ಹಾಸುತ್ತಿದ್ದರು. ಸೆರಗು ಸಿಕ್ಕಿಸಿ ನೀರಿನ ಟ್ಯಾಂಕು ಹತ್ತಿ, ಕೆಳಗೆ ಹಾಲಿನಲ್ಲಿ ಒಂದು ನಿಮಿಷದ ಮೌನ ಮುಗಿಯುವಷ್ಟರಲ್ಲಿ ಕೇಬಲ್ಲನ್ನು ಆಂಟೆನಾದಿಂದ ಬಿಚ್ಚಿದೆ. ತುದಿಯನ್ನು ಇಕ್ಕಳದಿಂದ ಕತ್ತರಿಸಿದೆ. ಎಷ್ಟೋ ದಿನದಿಂದ ಹನಿ ಮಳೆಯಿಲ್ಲ, ಮೇಲೆ ಸುಡುಬಿಸಿಲು. ಆದರೂ ಕತ್ತರಿಸಿದ ಬಾಯಿಂದ ನೀರು ತೊಟ್ಟಿಕ್ಕಿತು. ಒಳಗಿನ ತಾಮ್ರ ಕಾಡಿಗೆಯಷ್ಟು ಕಪ್ಪು. ಆ ತುದಿಯನ್ನು ಹಾಲಿನ ಕಿಟಕಿಯ ಮುಂದೆ ನೇತಾಡುವ ಹಾಗೆ ಕೆಳಗೆ ಬಿಟ್ಟೆ. ಒಳಗೆ ಅಧ್ಯಕ್ಷರು ಭಾರವಾದ ದನಿಯಲ್ಲಿ ಎರಡನೆಯ ಸಲ ಓನರಮ್ಮನ ಕಾಲ್‌ಸೈನ್ ಕರೆಯುತ್ತಿದ್ದರು.

ಆಗ ಯಜಮಾನರ ದನಿ ಕೇಳಿಸಿತು. ಕಟ್ಟಡಕ್ಕೆಲ್ಲ ಕೇಳಿಸಿತು.

“ಸಾರ್, ಕಿಟಕೀಲಿ ನೇತಾಡ್ತಿರೋದು ನಿಮ್ಮ ಕೇಬಲ್ಲಲ್ವಾ? ಮತ್ತೆ ಮುಳ್ಳು ಅಲ್ಲಾಡ್ಲೇ ಇಲ್ವಲ್ಲಾ!”

ಮೂರನೆಯ ಸಲ ಯಾರೂ ಕರೆಯಲಿಲ್ಲ. ನಾನು ಇಳಿದು ಬಂದಾಗ ಅಧ್ಯಕ್ಷರು ಮೈಕು ಹಿಡಿದೇ ಕಿಟಕಿ ನೋಡುತ್ತಿದ್ದರು. “ಇವತ್ತೇ ಮಾಡ್ಬೇಕಿತ್ತೇನಮ್ಮಾ ಇದನ್ನ?” ಎಂದರು. “ಬಾಗಿಲು ತೆಗೆದದ್ದು ಇವತ್ತೇ ಅಲ್ಲವೇ” ಎಂದೆ. ಉಪ್ಪಿಟ್ಟು ತಿನ್ನಲು ನಾನು ನಿಲ್ಲಲಿಲ್ಲ.

ಮಳೆಗಾಲಕ್ಕೆ ಮುಂಚೆ ಹೊಸ ಕೇಬಲ್ಲು ಬಂತು. ಕಲ್ಲು ಮಾತ್ರ ಇನ್ನೂ ಅಲ್ಲೇ ಇದೆಯಂತೆ. ಆ ಕಡೆ ನಾನು ಹೋಗುವುದಿಲ್ಲ. ಆ ನಗು ನೆನಪಾದರೆ ಈಗಲೂ ಪಾಠದ ಮಧ್ಯೆ ಸೀಮೆಸುಣ್ಣ ಮುರಿಯುತ್ತೇನೆ. ಸಿಟ್ಟು ಇಳಿದಿಲ್ಲ, ಇಳಿಸಿಕೊಳ್ಳುವ ಇರಾದೆಯೂ ಇಲ್ಲ. ಓನರಮ್ಮನಿಂದ ಪಡೆದದ್ದರಲ್ಲಿ ಅದೂ ಒಂದು.

ಕೊನೆಯ ಕರೆಯನ್ನು ಮುಂದಿನ ಭಾನುವಾರ ನಾನು ಕುಣಿಗಲ್ಲಿನ ಅವರ ಕೋಣೆಯಿಂದ, ಅವರ ತಂತಿಯಲ್ಲಿ ಮಾಡಿದೆ. ಅವರ ಹೆಸರನ್ನು ಮೂರು ಸಲ ಕರೆದೆ, ಮೂರು ಸಲವೂ ಕಾದೆ. ಮುಳ್ಳು ಮಲಗಿಯೇ ಇತ್ತು. ಮಲಗಿದ ಮುಳ್ಳನ್ನು ನಂಬಬಾರದೆಂದು ಕಲಿತವಳು ನಾನು. ಚೇಳೂರಿನಲ್ಲಿ ಅಡುಗೆಯಮ್ಮನಿಗೆ ಕೇಳುವುದಕ್ಕೆ ಮಾತ್ರ ಒಂದು ಪುಟ್ಟ ಸೆಟ್ಟು ಕೊಟ್ಟು ಬಂದಿದ್ದೆ. ತಕ್ಷಣ ಫೋನು ಮಾಡಿದೆ.

“ಏನಾದ್ರೂ ಕೇಳಿಸ್ತಾ?”

“ಕೇಳಿಸ್ತು ಕಣವ್ವಾ” ಎಂದರು ಅಡುಗೆಯಮ್ಮ. “ಮೂರು ಸಲೀನೂ ಆಯಮ್ಮನ ಹೆಸರು ನೆಟ್ಟಗೆ ಕೇಳಿಸ್ತು.”